ನೆಲ ಡೊಂಕಿರುವುದೂ ಉಂಟು

ಕನ್ನಡ ಕಲಿಸುವವರಿಗೆ ಕಂಪ್ಯೂಟರಿನ ಉಸಾಬರಿ ಯಾಕೆ ಎಂದು ಅಧ್ಯಾಪಕರ ಕೊಠಡಿಯಲ್ಲಿ ನನ್ನನ್ನು ಕೇಳುವವರುಂಟು. ಕೇಳುವುದು ತಪ್ಪೂ ಅಲ್ಲ. ಸಂಧಿ, ಸಮಾಸ, ಛಂದಸ್ಸುಗಳನ್ನು ಕಲಿಸುತ್ತ ತಲೆಗೂದಲು ನರೆಯತೊಡಗಿದವರು ಸಂಜೆಯ ಗಂಟೆ ಬಾರಿಸುತ್ತಲೇ ಗಣಕಯಂತ್ರ ಕೊಠಡಿಯ ಬೀಗದ ಕೈ ಹಿಡಿದು ಓಡುವುದನ್ನು ಕಂಡರೆ ಯಾರಿಗಾದರೂ ನಗು ಬಂದೀತು. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಒಬ್ಬೊಬ್ಬರು ಎರಡು ಮೂರು ಹೊಣೆಗಳನ್ನು ಹೊರುವುದು ಹೊಸ ಸಂಗತಿಯೇನಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಬೆಳೆಯಿತು. 2018ರಲ್ಲಿ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳು ಶಾಲೆ ಶಾಲೆಗಳಲ್ಲಿ ತಲೆಯೆತ್ತಿದವು. ನಮ್ಮ ಶಾಲೆಯಲ್ಲಿ ಆ ಕೂಟದ ಭಾರ ಯಾರಿಗೆ ಎಂಬ ಪ್ರಶ್ನೆ ಬಂದಾಗ ಗಣಿತದವರೂ ವಿಜ್ಞಾನದವರೂ ಒಟ್ಟಿಗೆ ಕಿಟಕಿಯ ಹೊರಗೆ ನೋಡಿದರು. ಹಾಗೆ ಅದು ನನ್ನ ಪಾಲಿಗೆ ಬಂತು.

ಬಂದದ್ದು ಒಳ್ಳೆಯದೇ ಆಯಿತು ಎಂದು ಈಗ ಅನಿಸುತ್ತಿದೆ. ಏಕೆಂದರೆ, ನಾನು ಈ ಲೇಖನದಲ್ಲಿ ಹೇಳಹೊರಟ ತೊಂದರೆಯು ಹೊರನೋಟಕ್ಕೆ ಯಂತ್ರದ ತೊಂದರೆಯಂತೆ ಕಂಡರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಓದುವಿಕೆಯ ತೊಂದರೆ. ಓದುವುದನ್ನು ಕಲಿಸುವುದು ಭಾಷಾ ಅಧ್ಯಾಪಕರ ಕೆಲಸವಲ್ಲದೆ ಮತ್ತಾರದು?

ಓಣಂ ರಜೆಯ ಒಂದು ಮಧ್ಯಾಹ್ನ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಒಂದನೆಯ ತರಗತಿಯಿಂದ ಹತ್ತನೆಯ ತನಕ ಕನ್ನಡದಲ್ಲೇ ಕಲಿತ ಹುಡುಗ. ಈಗ ಎಂಜಿನಿಯರಿಂಗ್ ಓದಿನ ಕೊನೆಯ ವರ್ಷದಲ್ಲಿದ್ದಾನೆ. ಅಡಿಕೆಯ ಚಿತ್ರ ತೆಗೆದು, ಇದು ಚಾಲಿ, ಇದು ಪಟೋರ, ಇದು ಕರಿಗೋಟು ಎಂದು ಯಂತ್ರವೇ ವಿಂಗಡಿಸುವಂತೆ ಮಾಡುವುದು ಅವನ ಪ್ರಾಜೆಕ್ಟು. ಮನೆಯ ಅಂಗಳದಲ್ಲಿ ಬೆಳೆದ ವಿದ್ಯೆಯನ್ನು ಕಾಲೇಜಿನ ವಿದ್ಯೆಗೆ ಕಸಿ ಕಟ್ಟಿದ್ದಾನೆ ಎಂದು ನನಗೆ ಸಂತೋಷವಾಯಿತು. ಆದರೆ ಹುಡುಗನ ಮುಖದಲ್ಲಿ ಸಂತೋಷವಿರಲಿಲ್ಲ. ಹಿಂದಿನ ವರ್ಷಗಳ ವಿದ್ಯಾರ್ಥಿಯೊಬ್ಬರ ಪ್ರಾಜೆಕ್ಟನ್ನು ಆಧಾರವಾಗಿಟ್ಟುಕೊಂಡು ಕೆಲಸ ಆರಂಭಿಸಿದ್ದನಂತೆ. ಅವರ ಕೈಯಲ್ಲಿ ಸಲೀಸಾಗಿ ನಡೆದ ಪ್ರೋಗ್ರಾಮ್ ಇವನ ಯಂತ್ರದಲ್ಲಿ ಬಿಲ್ಡ್ ಆಗುತ್ತಲೇ ಇರಲಿಲ್ಲ. ನಾಲ್ಕು ದಿನ ಹೆಣಗಾಡಿದ್ದ. ತಾನು ಹೊಸತಾಗಿ ಬರೆದ ಭಾಗಗಳನ್ನು ಒಂದೊಂದಾಗಿ ಅಳಿಸಿ ನೋಡಿದ್ದ. ಒಂದು ರಾತ್ರಿ ಇಡೀ ಯಂತ್ರವನ್ನು ಬರಿದು ಮಾಡಿ ಉಬುಂಟುವನ್ನು ಮೊದಲಿಂದ ಸ್ಥಾಪಿಸಿದ್ದ. ಕೊನೆಗೆ ನನ್ನೊಡನೆ ಅವನು ಹೇಳಿದ ಮಾತು ಇದು: "ಇಂಗ್ಲಿಷ್ ಮೀಡಿಯಮಿನವರಿಗೆ ಇಂಥದ್ದೆಲ್ಲ ಬೇಗ ಅರ್ಥ ಆಗ್ತದೆ. ನನ್ನಿಂದ ಆಗುವ ಹಾಗೆ ಕಾಣುವುದಿಲ್ಲ."

ಈ ಮಾತು ನನಗೆ ಚುಚ್ಚಿತು. ಅವನು ಯಂತ್ರದ ಒಂದು ವಾಕ್ಯದಿಂದ ತನ್ನ ಶಾಲೆಯ ಬಗ್ಗೆ, ತನ್ನ ಭಾಷೆಯ ಬಗ್ಗೆ, ತನ್ನ ಬುದ್ಧಿಯ ಬಗ್ಗೆ ತೀರ್ಪು ಕೊಟ್ಟುಕೊಂಡಿದ್ದ. ಆ ವಾಕ್ಯ ಯಾವುದು ಎಂದು ತೋರಿಸಲು ಹೇಳಿದೆ. ಅವನು ತೋರಿಸಿದ್ದು ಪರದೆಯ ಕಟ್ಟಕಡೆಯ ಸಾಲನ್ನು. ಮೇಕ್ ಎಂಬ ಉಪಕರಣವು "ಎರರ್ 1" ಎಂದು ಹೇಳಿ ಕೈತೊಳೆದುಕೊಂಡ ಸಾಲು ಅದು. ಕೆಲಸ ನಿಂತಿದೆ ಎಂಬುದರ ಹೊರತು ಆ ಸಾಲಿನಲ್ಲಿ ತಿಳಿವಳಿಕೆ ಏನೂ ಇರುವುದಿಲ್ಲ. ಮೇಲಕ್ಕೆ ಹೋಗು, ಮೊತ್ತಮೊದಲು ಎರರ್ ಎಂಬ ಶಬ್ದ ಎಲ್ಲಿದೆಯೋ ಅಲ್ಲಿಗೆ ಹೋಗು ಎಂದೆ.

ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಕಂದಪದ್ಯಕ್ಕೆ ಪ್ರಸ್ತಾರ ಹಾಕುವಾಗ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಮಾಡುವ ತಪ್ಪನ್ನು ಬಲ್ಲವರಿಗೆ ಈ ಮಾತು ಕೂಡಲೇ ಹಿಡಿಸೀತು. ಮೊದಲ ಗಣದಲ್ಲಿ ಒಂದು ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರು ಎನ್ನದೆ ಲಘು ಎಂದು ಬಿಟ್ಟರೆ, ಮುಂದಿನ ಗಣಗಳೆಲ್ಲ ಒಂದೊಂದು ಮಾತ್ರೆ ಜಾರುತ್ತ ಹೋಗುತ್ತವೆ. ಕೊನೆಯ ಗಣದಲ್ಲಿ ಮೂರೇ ಮಾತ್ರೆ ಉಳಿದಾಗ ಮಗು ಅಲ್ಲೇ ತಲೆ ಕೆರೆದುಕೊಳ್ಳುತ್ತದೆ. ತಪ್ಪು ಅಲ್ಲಿ ಇಲ್ಲವೇ ಇಲ್ಲ. ಕಂಪೈಲರಿನ ದೂರುಗಳೂ ಹೀಗೆಯೇ. ನೂರು ದೂರುಗಳಿದ್ದರೆ ತೊಂಬತ್ತೊಂಬತ್ತು ಮೊದಲನೆಯದರ ಮಕ್ಕಳು, ಮೊಮ್ಮಕ್ಕಳು. ಆದರೆ ಪರದೆ ಕೆಳಕ್ಕೆ ಓಡುವುದರಿಂದ ನಮ್ಮ ಕಣ್ಣಿಗೆ ಬೀಳುವುದು ಮೊಮ್ಮಕ್ಕಳೇ.

ಮೇಲೆ ಹೋಗಿ ನೋಡಿದರೆ ಅಲ್ಲಿದ್ದ ವಾಕ್ಯದ ತಾತ್ಪರ್ಯ ಹೀಗಿತ್ತು: ಇದು ಅನ್‌ಸಪೋರ್ಟೆಡ್ ಗ್ನೂ ಆವೃತ್ತಿ, 11ಕ್ಕಿಂತ ಮುಂದಿನ ಜಿಸಿಸಿ ಆವೃತ್ತಿಗಳಿಗೆ ಇಲ್ಲಿ ಸಪೋರ್ಟ್ ಇಲ್ಲ.

ನೀನು ಇದನ್ನು ಓದಿರಲಿಲ್ಲವೇ ಎಂದು ಕೇಳಿದೆ. ಓದಿದ್ದನಂತೆ. ಅನ್‌ಸಪೋರ್ಟೆಡ್ ಎಂದರೆ ಏನೆಂದು ತಿಳಿದುಕೊಂಡೆ ಎಂದು ಕೇಳಿದೆ. "ಆಧಾರ ಇಲ್ಲದ್ದು, ನೆಲೆ ಇಲ್ಲದ್ದು" ಎಂದ. ತನ್ನ ಪ್ರೋಗ್ರಾಮಿಗೆ ಬುಡವಿಲ್ಲ ಎಂದು ಯಂತ್ರ ಹೇಳುತ್ತಿದೆ ಎಂದೇ ಅವನು ಭಾವಿಸಿದ್ದ! ನಿಘಂಟನ್ನು ಹಿಡಿದು ಹೇಳುವುದಾದರೆ ಹುಡುಗನ ಅರ್ಥ ತಪ್ಪಲ್ಲ. ಆದರೆ ಈ ಕ್ಷೇತ್ರದಲ್ಲಿ ಆ ಶಬ್ದಕ್ಕೆ ಬೇರೆಯೇ ಒಂದು ಅರ್ಥವಿದೆ. "ನಾವು ಇದನ್ನು ಪರೀಕ್ಷಿಸಿ ನೋಡಿಲ್ಲ, ಆದ್ದರಿಂದ ಹೊಣೆ ಹೊರಲಾರೆವು" ಎಂಬುದೇ ಅದು. ಕನ್ನಡದಲ್ಲಿ "ಬೆಂಬಲವಿಲ್ಲದ" ಎಂದು ಭಾಷಾಂತರಿಸುವ ರೂಢಿ ಬಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಬೆಂಬಲವೆಂದರೆ ಚುನಾವಣೆಯ ಮಾತಿನಂತೆ ಕೇಳಿಸುತ್ತದೆ. "ಹೊಣೆಗೆ ಒಳಪಡದ ಆವೃತ್ತಿ" ಎಂದರೆ ಶಬ್ದ ಉದ್ದವಾದರೂ ಅರ್ಥ ನೇರವಾಗುತ್ತದೆ. ನಾವು ಹೊಣೆಯಲ್ಲ ಎಂಬುದು ಬೇರೆ, ನೀನು ತಪ್ಪಿದ್ದೀ ಎಂಬುದು ಬೇರೆ. ಇವೆರಡನ್ನು ಬೇರೆ ಬೇರೆಯಾಗಿ ಓದಲಾರದೆ ಒಬ್ಬ ಬುದ್ಧಿವಂತ ಹುಡುಗ ನಾಲ್ಕು ದಿನ ತನ್ನನ್ನು ತಾನೇ ಶಪಿಸಿಕೊಂಡ.

ಇನ್ನು ಈ ತೊಂದರೆಯ ಒಳಗನ್ನು ನೋಡೋಣ. ನಾವು ಬರೆಯುವ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವ ಸಂಕೇತಗಳಿಗೆ ತಿರುಗಿಸುವ ಸಾಧನವೇ ಕಂಪೈಲರ್. ಅದು ಏಕಕಾಲಕ್ಕೆ ವೈಯಾಕರಣಿಯೂ ಹೌದು, ಭಾಷಾಂತರಕಾರನೂ ಹೌದು. ಗ್ನೂ ಬಳಗದ ಜಿಸಿಸಿ ಅಂಥವುಗಳಲ್ಲಿ ಬಹು ಪ್ರಸಿದ್ಧವಾದುದು. ರಿಚರ್ಡ್ ಸ್ಟಾಲ್‌ಮನ್ ಅವರು ಇದನ್ನು 1987ರಲ್ಲಿ ಬಿಡುಗಡೆ ಮಾಡಿದರು. ಈಚಿನ ವರ್ಷಗಳಲ್ಲಿ ಪ್ರತಿ ವರ್ಷ ಅದರ ಹೊಸ ಹಿರಿ ಆವೃತ್ತಿ ಬರುತ್ತಿದೆ. 2021ರಲ್ಲಿ 11, 2022ರಲ್ಲಿ 12, 2023ರಲ್ಲಿ 13, ಹೀಗೆ. ಹುಡುಗನ ಯಂತ್ರದಲ್ಲಿ ಇದ್ದುದು ಉಬುಂಟು 24.04. ಅದರೊಡನೆ ಜಿಸಿಸಿ 13 ತಾನಾಗಿಯೇ ಬರುತ್ತದೆ.

ಅಡಿಕೆಯ ಸಾವಿರಾರು ಚಿತ್ರಗಳ ಲೆಕ್ಕಾಚಾರವನ್ನು ಯಂತ್ರದ ಮುಖ್ಯ ಮಿದುಳು ಒಂದೇ ಮಾಡಿದರೆ ಬಹಳ ಹೊತ್ತು ಬೇಕು. ಆದ್ದರಿಂದ ಚಿತ್ರಫಲಕದ, ಎಂದರೆ ಗ್ರಾಫಿಕ್ಸ್ ಕಾರ್ಡಿನ, ಸಹಾಯ ಪಡೆಯುತ್ತಾರೆ. ಅದಕ್ಕಾಗಿ ಎನ್ವಿಡಿಯಾ ಕಂಪೆನಿಯವರು 2007ರಿಂದ ಕೂಡಾ ಎಂಬ ಉಪಕರಣ ಸಮೂಹವನ್ನು ಒದಗಿಸುತ್ತಿದ್ದಾರೆ. ಕೂಡಾದ ಕಂಪೈಲರ್ ಪೂರಾ ಸ್ವತಂತ್ರವಲ್ಲ. ಚಿತ್ರಫಲಕಕ್ಕೆ ಸಲ್ಲುವ ಭಾಗವನ್ನು ಅದು ತಾನೇ ತಿರುಗಿಸುತ್ತದೆ. ಮುಖ್ಯ ಮಿದುಳಿಗೆ ಸಲ್ಲುವ ಭಾಗವನ್ನು ಯಂತ್ರದಲ್ಲಿರುವ ಜಿಸಿಸಿಗೆ ಒಪ್ಪಿಸುತ್ತದೆ. ಯಕ್ಷಗಾನದಲ್ಲಿ ಭಾಗವತರೂ ಮದ್ದಳೆಯವರೂ ಬೇರೆ ಬೇರೆ ಮೇಳದಿಂದ ಬಂದು ಒಂದೇ ರಂಗದಲ್ಲಿ ಕುಳಿತಂತೆ ಇದು. ಒಬ್ಬರಿಗೊಬ್ಬರು ಪಳಗಿದ್ದರೆ ಆಟ ರೈಸುತ್ತದೆ. ಇಲ್ಲವಾದರೆ ಏನಾಗುವುದೆಂದು ನಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಹಿಂದಿನ ವಿದ್ಯಾರ್ಥಿ ಬಳಸಿದ್ದು ಕೂಡಾ 11.8. ಅದು ಬಿಡುಗಡೆಯಾದದ್ದು 2022ರ ಅಕ್ಟೋಬರದಲ್ಲಿ. ಜಿಸಿಸಿ 13 ಹುಟ್ಟಿದ್ದು 2023ರ ಏಪ್ರಿಲಿನಲ್ಲಿ. ಇನ್ನೂ ಹುಟ್ಟದೆ ಇದ್ದ ಮದ್ದಳೆಗಾರನೊಡನೆ ಭಾಗವತರು ತಾಲೀಮು ನಡೆಸುವುದಾದರೂ ಹೇಗೆ? ಆದ್ದರಿಂದಲೇ ಕೂಡಾದ ಒಂದು ಕಡತದಲ್ಲಿ ತಪಾಸಣೆಯ ಎರಡು ಮೂರು ಸಾಲುಗಳನ್ನು ಬರೆದಿಟ್ಟಿದ್ದಾರೆ. ಜಿಸಿಸಿಯ ಆವೃತ್ತಿಯ ಅಂಕೆ 11ನ್ನು ಮೀರಿದ್ದರೆ ಅಲ್ಲೇ ನಿಲ್ಲಿಸು ಎಂಬುದು ಆ ಸಾಲುಗಳ ಆಜ್ಞೆ. ನಮ್ಮ ಪ್ರೋಗ್ರಾಮಿಗಿಂತ ಮೊದಲೇ ಆ ಕಡತವನ್ನು ತಾನಾಗಿ ಸೇರಿಸಿಕೊಳ್ಳಲಾಗುತ್ತದೆ.

ಇದರ ಅರ್ಥವನ್ನು ಮನಸ್ಸಿಟ್ಟು ಗ್ರಹಿಸಬೇಕು. ಚೌಕಿಯ ಬಾಗಿಲಲ್ಲೇ ವೇಷವನ್ನು ತಡೆಯಲಾಗಿತ್ತು. ಹುಡುಗ ಬರೆದ ಪ್ರೋಗ್ರಾಮಿನ ಒಂದು ವಾಕ್ಯವನ್ನಾದರೂ ಯಂತ್ರ ಇನ್ನೂ ಪರಿಶೀಲಿಸಿಯೇ ಇರಲಿಲ್ಲ. ಅವನ ಉತ್ತರಪತ್ರಿಕೆಯ ಕಟ್ಟನ್ನು ಬಿಚ್ಚಿಯೇ ಇರಲಿಲ್ಲ. ಅವನು ಮಾತ್ರ ಫೇಲಾದೆನೆಂದು ನಂಬಿ ಉತ್ತರಗಳನ್ನು ಅಳಿಸುತ್ತ ಕುಳಿತಿದ್ದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವು ಅಧ್ಯಾಪಕರು ದಿನಕ್ಕೊಮ್ಮೆಯಾದರೂ ಬಳಸುತ್ತೇವೆ. ನಾನೂ ಬಳಸಿದ್ದೇನೆ, ಬಹುಶಃ ಈ ಹುಡುಗನ ಮೇಲೆಯೂ. ಕೆಲಸಗಳ್ಳರಿಗೆ ಅದು ಸರಿಯಾದ ಮದ್ದು. ಆದರೆ ಸದಾ ಅದನ್ನೇ ಕೇಳುತ್ತ ಬೆಳೆದ ಮಗು, ನೆಲ ನಿಜವಾಗಿ ಡೊಂಕಿರುವಾಗಲೂ ಬಗ್ಗಿ ನೋಡದೆ ತನ್ನ ಕಾಲನ್ನೇ ಹಳಿದುಕೊಳ್ಳುತ್ತದೆ. ವಿನಯವಂತ ಮಕ್ಕಳಿಗೇ ಈ ಕಷ್ಟ ಹೆಚ್ಚು. ಗಡಿಯಾಚೆಯ ಕನ್ನಡ ಮಕ್ಕಳಿಗೆ ಇನ್ನೂ ಒಂದು ಪಾಲು ಹೆಚ್ಚು. ಮನೆಯಲ್ಲೊಂದು, ಶಾಲೆಯಲ್ಲೊಂದು, ಕಚೇರಿಯ ಅರ್ಜಿಯಲ್ಲಿ ಇನ್ನೊಂದು ಭಾಷೆಯಾಗಿ, ಎಲ್ಲಿ ಎಡವಿದರೂ ಅದು ತನ್ನ ಭಾಷೆಯ ದೆಸೆಯಿಂದಲೇ ಎಂಬ ಅಳುಕು ಅವುಗಳಿಗೆ ಚಿಕ್ಕಂದಿನಿಂದಲೇ ಅಂಟಿರುತ್ತದೆ. ನಾನು ಎರಡು ಭಾಷೆಗಳ ನಡುವೆ ಕಲಿತು ಬಂದ ಕಾರಣ ಆ ಅಳುಕಿನ ರುಚಿಯನ್ನು ಬಲ್ಲೆ.

ಈಗ ಪರಿಹಾರದ ಮಾತು. ಹುಡುಗನಿಗೆ ಗೆಳೆಯರು ಒಂದು ಸುಲಭೋಪಾಯವನ್ನು ಹೇಳಿಕೊಟ್ಟಿದ್ದರು. ಆ ತಪಾಸಣೆಯ ಸಾಲುಗಳನ್ನೇ ಅಳಿಸಿಬಿಡುವುದು. ಅಥವಾ ಕೂಡಾದವರೇ ಒದಗಿಸಿರುವ, "ಹೊಣೆಗೆ ಒಳಪಡದ ಕಂಪೈಲರನ್ನು ಬಿಟ್ಟುಕೊಡು" ಎಂಬ ಅರ್ಥದ ಒಂದು ಸೂಚನೆಯನ್ನು ಆಜ್ಞೆಯೊಡನೆ ಸೇರಿಸುವುದು. ಹೀಗೆ ಮಾಡಿದರೆ ಬಿಲ್ಡ್ ಕೆಡಬಹುದು, ಇಲ್ಲವೇ ಪ್ರೋಗ್ರಾಮ್ ತಪ್ಪಾಗಿ ನಡೆಯಬಹುದು, ನಿಮ್ಮ ಜವಾಬ್ದಾರಿಯಲ್ಲೇ ಮಾಡಿ ಎಂದು ಆ ಸಂದೇಶದಲ್ಲೇ ಎಚ್ಚರಿಸಿದ್ದಾರೆ. ಅವನು ಅದನ್ನೂ ಮಾಡಿ ನೋಡಿದ್ದ. ಒಂದು ದೂರಿನ ಬದಲಿಗೆ ಪರದೆ ತುಂಬ ದೂರುಗಳು ಬಂದವು. ಫ್ಲೋಟ್32 ಎಂಬ ಹೆಸರು ತನಗೆ ತಿಳಿಯದು ಎಂಬುದು ಅವುಗಳಲ್ಲಿ ಮೊದಲನೆಯದು. ಅದು ಹುಡುಗ ಬರೆದ ಹೆಸರಲ್ಲ. ಯಂತ್ರದ ಮೂಲ ಕಡತಗಳಲ್ಲಿ ಇರುವ ಹೆಸರು.

ಇದರ ಕಾರಣವನ್ನು ಹುಡುಕಲು ನಾವಿಬ್ಬರು ಎರಡು ಸಂಜೆ ಕುಳಿತೆವು. ತಿಳಿದಾಗ ನನಗಂತೂ ಹಳಗನ್ನಡದ ಪಾಠವೊಂದು ಹೊಳೆದಂತಾಯಿತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಜಿಸಿಸಿಯು 13ನೆಯ ಆವೃತ್ತಿಯಿಂದ ಫ್ಲೋಟ್32 ಮುಂತಾದ ಹೆಸರುಗಳನ್ನು ತನ್ನ ಹುಟ್ಟುಪದಗಳಾಗಿ ಗುರುತಿಸತೊಡಗಿತು. ಅದಕ್ಕೆ ಮುಂಚೆ ಆ ಹೆಸರುಗಳ ಅರ್ಥವನ್ನು ವ್ಯವಸ್ಥೆಯ ಒಂದು ಕಡತ ವಿವರಿಸಿ ಹೇಳುತ್ತಿತ್ತು. ಓದುವವರು 13ನೆಯ ಆವೃತ್ತಿಯವರು ಎಂದಾದರೆ ಆ ಕಡತವು ಅವರಿಗೆ ಇದು ಗೊತ್ತಿದೆಯೆಂದು ತಿಳಿದು ವಿವರಣೆಯನ್ನು ಬಿಟ್ಟುಬಿಡುತ್ತದೆ. ಕೂಡಾ 11.8ಕ್ಕೆ ಅದರದೇ ಆದ ಓದುಗನೊಬ್ಬನಿದ್ದಾನೆ. ಜಿಸಿಸಿಯ ಕಡತಗಳನ್ನು ಓದಬೇಕಾದುದರಿಂದ ಅವನು ತಾನೂ ಅದೇ ಆವೃತ್ತಿಯವನೆಂದು ಹೇಳಿಕೊಂಡು ಒಳಗೆ ಬರುತ್ತಾನೆ. ತಪಾಸಣೆಯನ್ನು ನಾವು ಕಿತ್ತೆಸೆದಾಗ ಅವನು "ನಾನು 13ನೆಯವನು" ಎಂದು ಹೇಳಿದ. ಆ ಕಡತವೂ ನಂಬಿತು, ವಿವರಣೆಯನ್ನು ಬಿಟ್ಟಿತು. ಆದರೆ ಅವನು ಕಲಿತದ್ದು 11ರ ತನಕದ ಪಾಠವನ್ನು ಮಾತ್ರ. ಪದ ಎದುರಾದಾಗ ಕಕ್ಕಾಬಿಕ್ಕಿಯಾದ.

ಕೇಶಿರಾಜನು 13ನೆಯ ಶತಮಾನದಲ್ಲಿ ಬರೆದ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳೆಂಬ ವಿಚಾರ ಬರುತ್ತದೆ. ಹಳಗನ್ನಡದಲ್ಲಿ ೞ ಎಂಬ ಅಕ್ಷರ ಬೇರೆಯೇ ಇತ್ತು. ಇಂದಿನ ಮಕ್ಕಳ ವರ್ಣಮಾಲೆಯಲ್ಲಿ ಅದು ಇಲ್ಲ. ಆ ಅಕ್ಷರವಿರುವ ಪದ್ಯವನ್ನು ಅರ್ಥಕೋಶವಿಲ್ಲದೆ ಮಗುವಿನ ಕೈಗೆ ಕೊಟ್ಟು, ಓದಲಿಲ್ಲವೆಂದು ಗದರುವುದು ಎಷ್ಟು ನ್ಯಾಯವೋ ಅಷ್ಟೇ ನ್ಯಾಯ ಇಲ್ಲಿಯದೂ. ಅಲ್ಲಿ ಓದುಗನಿಗೆ ಗೊತ್ತಿಲ್ಲದ್ದು ಹಳೆಯ ಅಕ್ಷರ, ಇಲ್ಲಿ ಹೊಸ ಪದ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಆ ತಪಾಸಣೆಯ ಸಾಲುಗಳನ್ನು ಬರೆದಿಟ್ಟವರನ್ನು ನಾನು ಮೆಚ್ಚುತ್ತೇನೆ. ಒಳಗೆ ಬಿಟ್ಟು ನೂರು ಕಡೆ ಎಡವಿಸುವುದಕ್ಕಿಂತ ಹೊಸ್ತಿಲಲ್ಲೇ ತಡೆದು ಕಾರಣ ಹೇಳುವುದು ಮರ್ಯಾದೆಯ ರೀತಿ. ಎಡವಿ ನಿಂತರೆ ಪುಣ್ಯ. ಎಡವದೆ ಬಿಲ್ಡ್ ಆಗಿ, ಆಮೇಲೆ ಸದ್ದಿಲ್ಲದೆ ತಪ್ಪು ಲೆಕ್ಕ ಕೊಟ್ಟರೆ ಅದನ್ನು ಹಿಡಿಯುವವರು ಯಾರು? ಗಂಟೆ ಕಿವಿಗೆ ಕರ್ಕಶವಾಯಿತೆಂದು ಗಂಟೆಯ ನಾಲಗೆಯನ್ನು ಕೀಳುವ ಉಪಾಯವನ್ನು ಒಬ್ಬರಿಗೊಬ್ಬರು ಹೇಳಿಕೊಡುವ ಪದ್ಧತಿ ವಿದ್ಯಾರ್ಥಿಗಳಲ್ಲಿ ಹಬ್ಬಿರುವುದು ನನಗೆ ಸರಿಕಾಣುವುದಿಲ್ಲ. ಅನುಭವಿಗಳು ಏನು ಮಾಡುತ್ತೇವೆಂದು ತಿಳಿದು ಮಾಡಿಯಾರು. ಆ ಸೂಚನೆ ಇರುವುದು ಅವರಿಗಾಗಿ.

ನೇರವಾದ ದಾರಿಗಳು ಎರಡೇ. ಕಂಪೈಲರನ್ನು ಕೆಳಗಿಳಿಸುವುದು, ಇಲ್ಲವೇ ಉಪಕರಣವನ್ನು ಮೇಲೇರಿಸುವುದು. ಕೂಡಾ 12.4ರಿಂದ ಮುಂದಕ್ಕೆ ಜಿಸಿಸಿ 13ನ್ನೂ, 12.8ರಿಂದ ಮುಂದಕ್ಕೆ ಜಿಸಿಸಿ 14ನ್ನೂ ಹೊಣೆಗೆ ಒಳಪಡಿಸಿಕೊಂಡಿದ್ದಾರೆ. ಯಾವುದಕ್ಕೆ ಯಾವುದು ಎಂಬ ಕೋಷ್ಟಕ ಆಯಾ ಆವೃತ್ತಿಯ ಕೈಪಿಡಿಯಲ್ಲೇ ಇದೆ. ಹೊಸತನ್ನು ಹಾಕಿಕೊಂಡರೆ ಮುಗಿಯಿತಲ್ಲ ಎಂದು ಪೇಟೆಯ ಜನ ಹೇಳುತ್ತಾರೆ. ಹೊಸ ಯಂತ್ರವಿದ್ದವರಿಗೆ ಅದು ಒಳ್ಳೆಯ ಮಾತೇ. ಆದರೆ ಉಪಕರಣ ಮೇಲೇರಿದಂತೆ ಹಳೆಯ ಚಿತ್ರಫಲಕಗಳನ್ನು ಕೈಬಿಡುತ್ತ ಹೋಗುತ್ತದೆ. 2025ರಲ್ಲಿ ಬಂದ ಕೂಡಾ 13ರಲ್ಲಿ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಎಂಬ ಮೂರು ತಲೆಮಾರಿನ ಫಲಕಗಳಿಗೆ ಪ್ರೋಗ್ರಾಮ್ ಕಟ್ಟಲು ಆಗುವುದಿಲ್ಲ. ಅಣ್ಣನಿಂದ ತಮ್ಮನಿಗೆ ಬಂದ ಯಂತ್ರ, ಮಂಗಳೂರಿನಲ್ಲಿ ಎರಡನೆಯ ಕೈಯಿಂದ ಕೊಂಡ ಯಂತ್ರ, ಇಂಥವುಗಳಲ್ಲೇ ಕಲಿಯುವ ನಮ್ಮ ಮಕ್ಕಳಿಗೆ ಹೊಸತನ್ನು ಹಾಕು ಎಂಬ ಉಪದೇಶ ಬಹಳ ದೂರ ನಡೆಯದು. ಅದೂ ಅಲ್ಲದೆ ಹಳೆಯ ಪ್ರಾಜೆಕ್ಟಿನ ಫಲಿತಾಂಶದೊಡನೆ ತನ್ನದನ್ನು ಹೋಲಿಸಬೇಕಾದವನು ನೆಲವನ್ನೇ ಬದಲಿಸಿದರೆ ಹೋಲಿಕೆಗೆ ಅರ್ಥ ಉಳಿಯುತ್ತದೆಯೇ?

ನಾವು ಕೆಳಗಿಳಿಸುವ ದಾರಿಯನ್ನೇ ಹಿಡಿದೆವು. ಜಿಸಿಸಿಯ ಗುಣವೆಂದರೆ ಎರಡು ಆವೃತ್ತಿಗಳು ಒಂದೇ ಯಂತ್ರದಲ್ಲಿ ಜಗಳವಾಡದೆ ಇರಬಲ್ಲವು. 13 ಇದ್ದಂತೆಯೇ 11ನ್ನೂ ಪಕ್ಕದಲ್ಲಿ ಸ್ಥಾಪಿಸಿದೆವು. ಮೊದಲ ಸಲ ಅದೂ ಕೈಕೊಟ್ಟಿತು. ಸಿ ಭಾಷೆಗೆ ಜಿಸಿಸಿ, ಸಿ ಪ್ಲಸ್ ಪ್ಲಸ್‌ಗೆ ಜಿ ಪ್ಲಸ್ ಪ್ಲಸ್ ಎಂದು ಎರಡು ಪೊಟ್ಟಣಗಳಿರುತ್ತವೆ. ನಾವು ಒಂದನ್ನೇ ಹಾಕಿದ್ದೆವು. ಮದುವೆಗೆ ಗಂಡನನ್ನು ಕರೆದು ಹೆಂಡತಿಯನ್ನು ಮರೆತಂತೆ. ಎರಡನ್ನೂ 11ನೆಯ ಆವೃತ್ತಿಯವೇ ಆಗಿ ಹಾಕಿ, ಈ ಪ್ರಾಜೆಕ್ಟಿಗೆ ಮಾತ್ರ 11ನ್ನು ಬಳಸು ಎಂದು ಕೂಡಾಕ್ಕೆ ತಿಳಿಸಿದೆವು. ಅದಕ್ಕೆ ಸಿಸಿಬಿನ್ ಎಂಬ ಸೂಚನೆಯಿದೆ. ಇಡೀ ಯಂತ್ರದ ಕಂಪೈಲರನ್ನೇ ಬದಲಿಸಿಬಿಡು ಎಂದು ಹೇಳುವವರೂ ಇದ್ದಾರೆ. ಅದು ಬೇಡ. ಯಂತ್ರದ ಉಳಿದ ಕೆಲಸಗಳು, ಮುಖ್ಯವಾಗಿ ಚಿತ್ರಫಲಕವನ್ನು ನಡೆಸುವ ಚಾಲಕ ತಂತ್ರಾಂಶವನ್ನು ಪುನಃ ಕಟ್ಟುವ ಕೆಲಸ, ಹಳೆಯ ಏರ್ಪಾಟನ್ನೇ ನಂಬಿಕೊಂಡಿರಬಹುದು. ಒಂದು ಕೋಣೆಯ ದೀಪ ಕೆಟ್ಟರೆ ಇಡೀ ಮನೆಯ ತಂತಿ ಕೀಳುವುದಿಲ್ಲವಷ್ಟೆ. ಕೊನೆಗೆ, ಹಳೆಯ ಪ್ರಯತ್ನಗಳ ಅರೆಬೆಂದ ಕಡತಗಳನ್ನೆಲ್ಲ ಗುಡಿಸಿ ಹಾಕಿ ಬಿಲ್ಡ್ ಮಾಡಬೇಕು. ಸಿಮೇಕ್ ಬಳಸುವವರಾದರೆ ಬಿಲ್ಡಿನ ಕಡತಕೋಶವನ್ನೇ ಅಳಿಸಬೇಕು. ಮೊದಲ ಸಲ ಕಂಡ ಕಂಪೈಲರಿನ ವಿಳಾಸವನ್ನು ಅದು ಬರೆದಿಟ್ಟುಕೊಂಡಿರುತ್ತದೆ, ನಾವು ಮನೆ ಬದಲಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಕೆಲಸದ ಹೊತ್ತು ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷ. ಅದಕ್ಕೆ ಮುಂಚೆ ಪೋಲಾದದ್ದು ನಾಲ್ಕು ದಿನ. ಆ ನಾಲ್ಕು ದಿನ ಯಾರ ಲೆಕ್ಕಕ್ಕೆ ಎಂದು ಕೇಳಿದರೆ, ಕಂಪೈಲರ್ ಮಾಡಿದವರ ಲೆಕ್ಕಕ್ಕೂ ಅಲ್ಲ, ಕೂಡಾ ಮಾಡಿದವರ ಲೆಕ್ಕಕ್ಕೂ ಅಲ್ಲ. ಹುಡುಗ ಆಧಾರವಾಗಿಟ್ಟುಕೊಂಡ ಆ ಹಳೆಯ ಪ್ರಾಜೆಕ್ಟಿನ ವರದಿಯನ್ನು ತರಿಸಿ ನೋಡಿದೆ. ಚಿನ್ನದ ಬಣ್ಣದ ಅಕ್ಷರಗಳ ರಟ್ಟು. ಒಳಗೆ ಮಾರ್ಗದರ್ಶಕರಿಗೆ ಕೃತಜ್ಞತೆ, ತಂದೆತಾಯಿಗಳಿಗೆ ಕೃತಜ್ಞತೆ, ಸರ್ವಶಕ್ತನಿಗೆ ಕೃತಜ್ಞತೆ. ಯಾವ ಕಂಪೈಲರಿನ ಯಾವ ಆವೃತ್ತಿಯಿಂದ ಇದನ್ನು ಕಟ್ಟಲಾಯಿತು ಎಂಬ ಒಂದೇ ಒಂದು ಸಾಲು ಇಲ್ಲ. ಕೂಡಾದ ಆವೃತ್ತಿಯನ್ನು ಸಹ ನಾವು ಇನ್ನೊಂದು ಕಡತದಿಂದ ಊಹಿಸಿ ತಿಳಿಯಬೇಕಾಯಿತು. ವಿಜ್ಞಾನದ ಪ್ರಯೋಗವನ್ನು ಬರೆಯುವಾಗ ಉಷ್ಣತೆ ಎಷ್ಟು, ದ್ರಾವಣದ ಪ್ರಮಾಣ ಎಷ್ಟು ಎಂದು ಬರೆಯದಿದ್ದರೆ ನಮ್ಮ ಶಾಲೆಯಲ್ಲೇ ಅಂಕ ಕಡಿಯುತ್ತಾರೆ. ಪ್ರೋಗ್ರಾಮಿಗೆ ಮಾತ್ರ ಈ ವಿನಾಯಿತಿ ಯಾಕೋ ನನಗೆ ತಿಳಿಯದು.

ಇದು ದೊಡ್ಡ ಕಾಲೇಜುಗಳ ಮಾತಾಯಿತು, ನಮಗೇನು ಎನ್ನಬೇಡಿ. ಒಂದೆರಡು ವರ್ಷಗಳ ಹಿಂದೆ ನಮ್ಮದೇ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಕ್ಕನ ಹಳೆಯ ಪುಸ್ತಕದಿಂದ ಸಿ ಪ್ಲಸ್ ಪ್ಲಸ್‌ನ ಹತ್ತು ಸಾಲಿನ ಪ್ರೋಗ್ರಾಮನ್ನು ಅಚ್ಚುಕಟ್ಟಾಗಿ ಟೈಪು ಮಾಡಿದಳು. ಯಂತ್ರ ಮೊದಲ ಸಾಲಿನಲ್ಲೇ ಮುನಿಯಿತು. ಐಓಸ್ಟ್ರೀಮ್ ಡಾಟ್ ಎಚ್ ಎಂಬ ಕಡತವೇ ಇಲ್ಲ ಎಂದಿತು. ಹುಡುಗಿ ಪುಸ್ತಕವನ್ನು ಪುನಃ ಪುನಃ ನೋಡಿ, ಒಂದಕ್ಷರವೂ ತಪ್ಪಿಲ್ಲವೆಂದು ಅಳುಮುಖ ಮಾಡಿದಳು. ಅವಳು ಹೇಳಿದ್ದು ಸರಿ. ಆ ಪುಸ್ತಕ ನಂಬಿದ್ದು 1990ರ ದಶಕದ ಆರಂಭದ ಟರ್ಬೋ ಸಿ ಪ್ಲಸ್ ಪ್ಲಸ್ಸನ್ನು. ಸಿ ಪ್ಲಸ್ ಪ್ಲಸ್ ಭಾಷೆಗೆ 1998ರಲ್ಲಿ ಅಧಿಕೃತ ನಿಯಮಾವಳಿ ಬಂದಾಗ ಆ ಕಡತದ ಹೆಸರಿನಿಂದ "ಡಾಟ್ ಎಚ್" ಹೋಯಿತು. ಜಿಸಿಸಿಯು ಹಳೆಯ ಹೆಸರನ್ನು ಮತ್ತೂ ಕೆಲ ಕಾಲ ಸಹಿಸಿಕೊಂಡು 2008ರ 4.3ನೆಯ ಆವೃತ್ತಿಯಲ್ಲಿ ತೆಗೆದುಹಾಕಿತು. ನಮ್ಮ ದೇಶದ ಎಷ್ಟೋ ತರಗತಿಗಳಲ್ಲಿ ಆ ಸುದ್ದಿ ಮುಟ್ಟಲು ಬಹಳ ವರ್ಷ ಬೇಕಾಯಿತು. ಮುಟ್ಟದ ಕಡೆ ಹೊಡೆತ ಬಿದ್ದದ್ದು ಮಕ್ಕಳಿಗೆ.

ಇಂತಹವು ಇನ್ನು ಮುಂದೆಯೂ ನಡೆಯುತ್ತವೆ. ಸಿ ಭಾಷೆಯಲ್ಲಿ ಒಂದು ಫಂಕ್ಷನನ್ನು ಮುಂಚಿತವಾಗಿ ಪರಿಚಯಿಸದೆ ಬಳಸುವುದನ್ನು 1999ರ ನಿಯಮಾವಳಿಯೇ ನಿಷೇಧಿಸಿತ್ತು. ಜಿಸಿಸಿ ಅದನ್ನು ತಡೆಯುವ ತಪ್ಪೆಂದು ಪರಿಗಣಿಸಿದ್ದು 2024ರ 14ನೆಯ ಆವೃತ್ತಿಯಲ್ಲಿ. ಅಲ್ಲಿಯ ತನಕ ಬರಿಯ ಎಚ್ಚರಿಕೆಯಲ್ಲೇ ಬಿಟ್ಟಿತ್ತು. ಕಿವಿ ಹಿಂಡದೆ ಇಪ್ಪತ್ತೈದು ವರ್ಷ ತಾಳಿದ ಮೇಷ್ಟರು ನಮ್ಮಲ್ಲಿ ಯಾರಿದ್ದಾರೆ? ಆದರೂ ಆ ವರ್ಷ ಎಷ್ಟೋ ಹಳೆಯ ಪ್ರೋಗ್ರಾಮುಗಳು ನಿನ್ನೆಯ ತನಕ ನಡೆದು ಇಂದು ನಿಂತವು. 2025ರ 15ನೆಯ ಆವೃತ್ತಿಯಲ್ಲಿ ಬೂಲ್ ಎಂಬುದು ಸಿ ಭಾಷೆಯ ಕಾಯ್ದಿಟ್ಟ ಪದವಾಯಿತು. ಅದೇ ಹೆಸರನ್ನು ತಾವೇ ರೂಪಿಸಿಕೊಂಡಿದ್ದ ಪ್ರೋಗ್ರಾಮುಗಳು ಮುಗ್ಗರಿಸಿದವು. ವ್ಯಾಕರಣ ಬದಲಾಗುವುದು ತಪ್ಪಲ್ಲ. ಕೇಶಿರಾಜನ ಕನ್ನಡವನ್ನೇ ನಾವು ಇಂದು ಆಡುತ್ತಿಲ್ಲವಲ್ಲ. ಯಾವ ಕಾಲದ ವ್ಯಾಕರಣಕ್ಕೆ ಬರೆದದ್ದು ಎಂದು ಗುರುತು ಹಾಕದೆ ಕೈಯಿಂದ ಕೈಗೆ ದಾಟಿಸುವುದು ತಪ್ಪು.

ಆದ್ದರಿಂದ ನಮ್ಮ ಗಣಕಯಂತ್ರ ಕೊಠಡಿಯಲ್ಲಿ ಕಳೆದ ಜೂನಿನಿಂದ ಒಂದು ಕ್ರಮವನ್ನು ತಂದಿದ್ದೇನೆ. ಪ್ರಯೋಗ ಪುಸ್ತಕದಲ್ಲಿ ಪ್ರತಿಯೊಂದು ಪ್ರೋಗ್ರಾಮಿನ ಮೇಲೆ ತಾರೀಕು ಬರೆಯುವಂತೆಯೇ ಯಾವ ವ್ಯವಸ್ಥೆ, ಯಾವ ಉಪಕರಣ, ಅದರ ಯಾವ ಆವೃತ್ತಿ ಎಂದು ಒಂದು ಸಾಲು ಬರೆಯಬೇಕು. ಎರರ್ ಬಂದರೆ ಅದರ ಮೊದಲ ವಾಕ್ಯವನ್ನು ಇದ್ದಂತೆಯೇ ನಕಲು ಮಾಡಿ, ಕೆಳಗೆ ಸ್ವಂತ ಕನ್ನಡದಲ್ಲಿ ಅದರ ಅರ್ಥ ಬರೆದ ಮೇಲೆಯೇ ನನ್ನನ್ನು ಕರೆಯಬೇಕು. ಯಾರು, ಯಾರನ್ನು, ಯಾವ ಕಾರಣಕ್ಕೆ ತಡೆದಿದ್ದಾರೆ ಎಂಬ ಮೂರು ಆ ಅರ್ಥದಲ್ಲಿ ಬರಬೇಕು. ಕರ್ತೃ, ಕರ್ಮ, ಕಾರಣ ಎಂದು ನಾನು ಹೇಳಿಕೊಟ್ಟಿದ್ದೇನೆ. ಇದರಿಂದ ಸಮಯ ಹಾಳಾಗುತ್ತದೆ, ಪಾಠ ಮುಗಿಯುವುದಿಲ್ಲ ಎಂದು ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ಪಾಠ ಮುಗಿಯಲಿಲ್ಲ ಎಂಬುದು ನಿಜವೇ. ಈ ವರ್ಷ ಎರಡು ಅಧ್ಯಾಯ ಹಿಂದೆ ಉಳಿದೆವು. ಆದರೆ ಎಂಟನೆಯ ತರಗತಿಯ ಪೋಕರಿಯೊಬ್ಬ ಮೊನ್ನೆ ತನ್ನ ಪುಸ್ತಕದಲ್ಲಿ "ಯಂತ್ರ ಹೇಳುವುದು: ನೀನು ಕರೆದ ಕಡತ ನನ್ನ ಮನೆಯಲ್ಲಿ ಇಲ್ಲ, ವಿಳಾಸ ಸರಿಯಾಗಿ ಹೇಳು" ಎಂದು ಬರೆದಿದ್ದ. ಆ ವಾಕ್ಯಕ್ಕೆ ಕನ್ನಡದ ಪರೀಕ್ಷೆಯಲ್ಲೂ ನಾನು ಪೂರ್ಣ ಅಂಕ ಕೊಟ್ಟೇನು.

ಎಂಜಿನಿಯರಿಂಗ್ ಹುಡುಗ ರಜೆ ಮುಗಿಸಿ ಹೋದ ಮೇಲೆ ಎರಡು ವಾರ ಸುದ್ದಿಯಿರಲಿಲ್ಲ. ಒಂದು ರಾತ್ರಿ ಫೋನು ಮಾಡಿದ. ಬಿಲ್ಡ್ ಸರಾಗವಾಗಿ ಆಗುತ್ತಿದೆಯಂತೆ, ಆದರೆ ಪ್ರೋಗ್ರಾಮ್ ಕರಿಗೋಟನ್ನೆಲ್ಲ ಚಾಲಿ ಎಂದು ತೋರಿಸುತ್ತಿದೆಯಂತೆ. ಮತ್ತೆ ಆವೃತ್ತಿಯ ತೊಂದರೆಯೇ ಎಂದು ನಾನು ಕೇಳಿದೆ. "ಅಲ್ಲ ಅಲ್ಲ, ಅದನ್ನೆಲ್ಲ ನೋಡಿದೆ. ಇದು ಪೂರಾ ನಂದೇ ತಪ್ಪು!" ಎಂದು ನಗುತ್ತಲೇ ಹೇಳಿದ.